ಎಫ್12 ಒತ್ತಿದರೆ ಮೂಲ ಸಿಗಬೇಕು: ರಸ್ಟ್-ಅನಲೈಜರ್ ಬಳಸಿ ನೋಡಿದ ಮೇಲೆ

ಯಾವುದೇ ಕೋಡ್ ಎಡಿಟರ್ ಕೈಗೆ ಬಂದರೂ ನಾನು ಮೊದಲು ಮಾಡುವ ಪರೀಕ್ಷೆ ಒಂದೇ. ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿರುವ ಒಂದು ಫಂಕ್ಷನ್‌ನ ಹೆಸರಿನ ಮೇಲೆ ಕರ್ಸರ್ ಇಟ್ಟು, ಆ ಹೆಸರಿನ ಮೂಲ ಕೋಡಿಗೆ ಒಯ್ಯುವ ಎಫ್12 ಕೀಲಿ ಒತ್ತುತ್ತೇನೆ. ನಾನೇ ಬರೆದ ಫಂಕ್ಷನ್ ಇರುವ ಕಡೆಗೆ ಒಯ್ಯುವುದು ದೊಡ್ಡ ಮಾತಲ್ಲ, ಅದು ಎಲ್ಲಿದೆಯೆಂದು ನನಗೇ ಗೊತ್ತಿರುತ್ತದೆ. ನಾನು ಬರೆಯದ, ಆದರೂ ದಿನವಿಡೀ ನೆಚ್ಚಿಕೊಂಡಿರುವ ಕೋಡಿನೊಳಗೆ ಎಡಿಟರ್ ಕರೆದುಕೊಂಡು ಹೋಗುತ್ತದೆಯೇ? ಹೋದರೆ ಅದು ನನ್ನ ಕೆಲಸಕ್ಕೆ ಬಂತು. ಬಣ್ಣ, ಥೀಮ್, ಅರ್ಧ ಟೈಪಿಸಿದ ಪದವನ್ನು ತಾನೇ ಪೂರ್ತಿ ಮಾಡುವ ಸೌಕರ್ಯ, ಇವೆಲ್ಲವನ್ನೂ ಆಮೇಲೆ ನೋಡುತ್ತೇನೆ.

ರಸ್ಟ್ ಭಾಷೆಗಾಗಿ ಇರುವ ರಸ್ಟ್-ಅನಲೈಜರ್ ಈ ಪರೀಕ್ಷೆಯಲ್ಲಿ ಗೆದ್ದಿದೆ. ನಾನು ಬಳಸಿದವುಗಳಲ್ಲಿ ಇಷ್ಟು ಚೆನ್ನಾಗಿ ಗೆದ್ದದ್ದು ಇನ್ನೊಂದೇ ಒಂದು, ಅದರ ಮಾತು ಮುಂದೆ ಬರುತ್ತದೆ. ಆದರೆ ಈ ಗೆಲುವಿಗೆ ಒಂದು ಷರತ್ತಿದೆ. ಹೊಸದಾಗಿ ಕಲಿಯುವವರು ಎಡವುವುದು ಆ ಷರತ್ತಿನಲ್ಲಿಯೇ. ಅದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ನಾನಿರುವುದು ವಿಜಯಪುರದಲ್ಲಿ. ಜಲನಗರದಲ್ಲಿ ನಮ್ಮದೊಂದು ಸಣ್ಣ ಕಚೇರಿ. ತಿಕೋಟಾ ಕಡೆಯ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜುಗಳಲ್ಲಿ ಪ್ರತಿ ಕೋಣೆಯ ಉಷ್ಣಾಂಶವನ್ನು ಓದಿ ಬರೆದಿಡುವ ಸಣ್ಣ ಸಾಧನಕ್ಕೆ ನಾವು ಸಾಫ್ಟ್‌ವೇರ್ ಮಾಡುತ್ತೇವೆ. ಅಂಗೈಯಗಲದ ಒಂದು ಲಿನಕ್ಸ್ ಬೋರ್ಡು, ಅದಕ್ಕೆ ಆರ್‌ಎಸ್-485 ತಂತಿಯಲ್ಲಿ ಜೋಡಿಸಿದ ಸೆನ್ಸರುಗಳು, ಒಳಗೆ ರಸ್ಟ್‌ನಲ್ಲಿ ಬರೆದ ಪ್ರೋಗ್ರಾಂ. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿರುತ್ತದೆ. ಒಳಗೆ ರೈತರ ವರ್ಷದ ದುಡಿಮೆ ಪೆಟ್ಟಿಗೆಗಳಲ್ಲಿ ಕುಳಿತಿರುತ್ತದೆ. ಉಷ್ಣಾಂಶದ ಒಂದು ಅಂಕಿ ತಪ್ಪಾಗಿ ದಾಖಲಾದರೂ ಸಾಹುಕಾರರ ಫೋನು ಬರುತ್ತದೆ, ಬರಲೇಬೇಕು ಕೂಡ. ಆದ್ದರಿಂದ ನಾವು ಕರೆಯುವ ಪ್ರತಿ ಫಂಕ್ಷನ್ ಒಳಗೆ ನಿಜವಾಗಿ ಏನು ಮಾಡುತ್ತದೆಂದು ತಿಳಿಯುವುದು ನಮಗೆ ಹವ್ಯಾಸವಲ್ಲ, ಹೊಣೆ.

ಮೊದಲು ವಸ್ತುವಿನ ಪರಿಚಯ. ರಸ್ಟ್-ಅನಲೈಜರ್ ಎಡಿಟರ್ ಅಲ್ಲ. ಎಡಿಟರಿನ ಹಿಂದೆ ನಿಂತು 'ಈ ಹೆಸರು ಎಲ್ಲಿಂದ ಬಂತು, ಇದರ ಟೈಪ್ ಯಾವುದು, ಇದನ್ನು ಯಾರು ಯಾರು ಕರೆಯುತ್ತಾರೆ' ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಪ್ರೋಗ್ರಾಂ ಅದು. ಇಂಥವನ್ನು ಲ್ಯಾಂಗ್ವೇಜ್ ಸರ್ವರ್ ಎನ್ನುತ್ತಾರೆ. ಎಡಿಟರಿಗೂ ಸರ್ವರಿಗೂ ನಡುವೆ ನಡೆಯುವ ಸಂಭಾಷಣೆಯ ನಿಯಮಗಳನ್ನು ಮೈಕ್ರೋಸಾಫ್ಟ್ 2016ರಲ್ಲಿ ಮುಕ್ತಗೊಳಿಸಿತು. ಹಾಗಾಗಿ ಇದೇ ರಸ್ಟ್-ಅನಲೈಜರ್ ವಿಎಸ್ ಕೋಡ್‌ನಲ್ಲಿಯೂ ನಡೆಯುತ್ತದೆ, ನಿಯೋವಿಮ್‌ನಲ್ಲಿಯೂ ಹೀಲಿಕ್ಸ್‌ನಲ್ಲಿಯೂ ನಡೆಯುತ್ತದೆ. ಅಲೆಕ್ಸೇ ಕ್ಲಾಡೊವ್ ಆರಂಭಿಸಿದ ಈ ಯೋಜನೆಯನ್ನು 2022ರಲ್ಲಿ ರಸ್ಟ್ ಬಳಗ ತನ್ನ ಅಧಿಕೃತ ಸರ್ವರ್ ಆಗಿ ಒಪ್ಪಿಕೊಂಡಿತು. ಅದಕ್ಕೂ ಹಿಂದೆ ಇದ್ದ ಆರ್‌ಎಲ್‌ಎಸ್ ಅದೇ ವರ್ಷ ನಿವೃತ್ತಿಯಾಯಿತು. ಬೆಲೆ ಏನೂ ಇಲ್ಲ, ಮುಕ್ತ ತಂತ್ರಾಂಶ. ನಾನು ಇಲ್ಲಿ ಹೇಳುವುದು ವಿಎಸ್ ಕೋಡ್‌ನಲ್ಲಿ ಬಳಸಿದ ಅನುಭವವನ್ನು.

ಈಗ ಷರತ್ತಿನ ಮಾತು. ರಸ್ಟ್ ಹಾಕಿಕೊಂಡರೆ ಕಂಪೈಲರ್ ಬರುತ್ತದೆ, ಹೊರಗಿನ ಲೈಬ್ರರಿಗಳನ್ನು ತರಿಸಿ ಪ್ರೋಗ್ರಾಂ ಕಟ್ಟಿಕೊಡುವ ಕಾರ್ಗೋ ಬರುತ್ತದೆ, ಸ್ಟ್ಯಾಂಡರ್ಡ್ ಲೈಬ್ರರಿಯೂ ಬರುತ್ತದೆ. ಆದರೆ ಆ ಲೈಬ್ರರಿ ಬರುವುದು ಕಂಪೈಲ್ ಆದ ರೂಪದಲ್ಲಿ. ಮನುಷ್ಯರು ಓದಬಲ್ಲ ಸೋರ್ಸ್ ಬೇರೆಯೇ ಒಂದು ಭಾಗ, ಅದರ ಹೆಸರು ರಸ್ಟ್-ಎಸ್‌ಆರ್‌ಸಿ. ರಸ್ಟನ್ನು ಯಂತ್ರಕ್ಕೆ ಹಾಕಿಕೊಡುವ ರಸ್ಟಪ್ ಎಂಬ ಉಪಕರಣದ ಮಾಮೂಲಿ ಆಯ್ಕೆಯಲ್ಲಿ ಅದು ಸೇರಿಲ್ಲ. ಕಂಪೈಲರಿಗೆ ಸೋರ್ಸಿನ ಅಗತ್ಯವಿಲ್ಲ, ಕಂಪೈಲ್ ಆದದ್ದನ್ನು ಜೋಡಿಸಿಕೊಂಡು ಅದು ತನ್ನ ಕೆಲಸ ಮುಗಿಸುತ್ತದೆ. ರಸ್ಟ್-ಅನಲೈಜರ್ ಹಾಗಲ್ಲ. ಅದು ಕಂಪೈಲ್ ಆದ ಫೈಲುಗಳನ್ನು ನೋಡುವುದೇ ಇಲ್ಲ. ಲೈಬ್ರರಿಯ ಸೋರ್ಸನ್ನು ನಮ್ಮ ಸೋರ್ಸಿನಂತೆಯೇ ಓದಿ ಟೈಪುಗಳನ್ನು ತಾನೇ ಲೆಕ್ಕ ಹಾಕುತ್ತದೆ. ಸೋರ್ಸ್ ಇಲ್ಲದಿದ್ದರೆ ಅದಕ್ಕೆ ಬೆಳೆಯುವ ಪಟ್ಟಿಯಾದ ವೆಕ್ ಎಂದರೇನು, ಇರಬಹುದಾದ ಅಥವಾ ಇಲ್ಲದಿರಬಹುದಾದ ಬೆಲೆಯನ್ನು ಹಿಡಿದಿಡುವ ಆಪ್ಷನ್ ಎಂದರೇನು ಎಂಬುದೇ ತಿಳಿಯದು.

ಆಗ ಕಾಣುವುದು ವಿಚಿತ್ರ ಸ್ಥಿತಿ. ಪ್ರೋಗ್ರಾಂ ಸರಿಯಾಗಿ ಕಂಪೈಲ್ ಆಗುತ್ತದೆ, ಓಡುತ್ತದೆ. ಎಡಿಟರಿನಲ್ಲಿ ಮಾತ್ರ, ವೆಕ್‌ಗೆ ಹೊಸ ವಸ್ತು ಸೇರಿಸುವ ಪುಶ್ ಮೇಲೆ ಎಫ್12 ಒತ್ತಿದರೆ ವ್ಯಾಖ್ಯೆ ಸಿಗಲಿಲ್ಲವೆಂಬ ಒಂದು ಸಾಲು ಕಾಣಿಸಿ ಮಾಯವಾಗುತ್ತದೆ. ವೇರಿಯಬಲ್ ಮೇಲೆ ಮೌಸ್ ಇಟ್ಟರೆ ಟೈಪ್ ಇರಬೇಕಾದ ಕಡೆ 'ಅನ್‌ನೋನ್' ಎಂದಿರುತ್ತದೆ. ಚುಕ್ಕೆ ಇಟ್ಟ ಮೇಲೆ ಬರಬೇಕಾದ ಮೆಥಡ್‌ಗಳ ಪಟ್ಟಿ ಬರುವುದಿಲ್ಲ. ನಮ್ಮ ಕಚೇರಿಗೆ ಹೊಸದಾಗಿ ಬಂದ ಹುಡುಗನ ಲ್ಯಾಪ್‌ಟಾಪಿನಲ್ಲಿ ನೋಡಿದ್ದು ಇದನ್ನೇ. ಲಿನಕ್ಸ್ ವಿತರಣೆಯ ಸ್ವಂತ ಪ್ಯಾಕೇಜಿನಿಂದ ಅವನು ರಸ್ಟ್ ಹಾಕಿಕೊಂಡಿದ್ದ. 'ಅಕ್ಕಾ, ನನ್ನ ಕೋಡೇ ಸರಿ ಇಲ್ಲವೇನೋ' ಎಂದು ಅವನು ತನ್ನನ್ನೇ ಅನುಮಾನಿಸಿಕೊಂಡು ಕುಳಿತಿದ್ದ. ಕಲಿಯುವವರ ಆತ್ಮವಿಶ್ವಾಸ ಹೀಗೆ ಕಾರಣವಿಲ್ಲದೆ ಕುಗ್ಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪರಿಹಾರ ಬಹಳ ಚಿಕ್ಕದು. ಟರ್ಮಿನಲ್ ತೆರೆದು ರಸ್ಟಪ್‌ಗೆ 'ಕಾಂಪೊನೆಂಟ್ ಆ್ಯಡ್' ಎಂದು ಹೇಳಿ, ಮುಂದೆ ರಸ್ಟ್-ಎಸ್‌ಆರ್‌ಸಿಯ ಹೆಸರು ಕೊಟ್ಟರೆ ಕೆಲವೇ ಎಂಬಿ ಇಳಿಯುತ್ತದೆ, ಮುಗಿಯಿತು. ಸರ್ವರನ್ನು ಒಮ್ಮೆ ಮರುಚಾಲನೆ ಮಾಡಬೇಕು. ರಸ್ಟಪ್ ಇದ್ದು ಇಂಟರ್ನೆಟ್ಟೂ ಇದ್ದರೆ ರಸ್ಟ್-ಅನಲೈಜರ್ ಈ ಭಾಗವನ್ನು ತಾನೇ ತರಿಸಿಕೊಳ್ಳಲು ಯತ್ನಿಸುತ್ತದೆ, ಅದು ಅದರ ಒಳ್ಳೆಯತನ. ರಸ್ಟಪ್ ಇಲ್ಲದೆ ವಿತರಣೆಯ ಪ್ಯಾಕೇಜಿನಿಂದ ಹಾಕಿಕೊಂಡವರು ಸೋರ್ಸನ್ನೂ ಅದೇ ವಿತರಣೆಯಿಂದಲೇ ತರಿಸಿಕೊಳ್ಳಬೇಕು. ಕಂಪೈಲರಿನ ಆವೃತ್ತಿ ಒಂದು, ಸೋರ್ಸಿನ ಆವೃತ್ತಿ ಇನ್ನೊಂದು ಆಗಕೂಡದು. ಹಾಗಾದರೆ ಎಡಿಟರ್ ತೋರಿಸುವುದು ನಮ್ಮ ಪ್ರೋಗ್ರಾಮಿನಲ್ಲಿ ಓಡುತ್ತಿರುವ ಕೋಡನ್ನಲ್ಲ.

ಒಂದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಇದಕ್ಕೂ ಒಳ್ಳೆಯ ದಾರಿಯಿದೆ. ಯೋಜನೆಯ ಫೋಲ್ಡರಿನಲ್ಲಿ ರಸ್ಟ್-ಟೂಲ್‌ಚೈನ್ ಎಂಬ ಟಾಮಲ್ ಫೈಲ್ ಇಟ್ಟು, ಯಾವ ಆವೃತ್ತಿ ಬೇಕು, ಯಾವ ಯಾವ ಭಾಗ ಬೇಕು ಎಂದು ಬರೆದುಬಿಟ್ಟರೆ ರಸ್ಟಪ್ ಅದನ್ನು ಓದಿ ಎಲ್ಲರ ಯಂತ್ರದಲ್ಲಿಯೂ ಒಂದೇ ರೀತಿ ಹಾಕುತ್ತದೆ. ಭಾಗಗಳ ಪಟ್ಟಿಯಲ್ಲಿ ರಸ್ಟ್-ಎಸ್‌ಆರ್‌ಸಿ ಸೇರಿಸಿದ ಮೇಲೆ ನಮ್ಮ ಕಚೇರಿಯಲ್ಲಿ ಈ ತೊಂದರೆಯ ಸುದ್ದಿಯೇ ಇಲ್ಲ.

ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ ಒಂದಿದೆ. ಕಾರ್ಗೋ ಮೂಲಕ ತರಿಸಿಕೊಳ್ಳುವ ಹೊರಗಿನ ಲೈಬ್ರರಿಗಳೆಲ್ಲ ಸೋರ್ಸ್ ರೂಪದಲ್ಲಿಯೇ ನಮ್ಮ ಡಿಸ್ಕಿಗೆ ಬರುತ್ತವೆ. ಅವುಗಳೊಳಗೆ ಎಫ್12 ಯಾವ ಸಿದ್ಧತೆಯೂ ಇಲ್ಲದೆ ನಡೆಯುತ್ತದೆ. ಎಲ್ಲಿಯೋ ಯಾರೋ ಬರೆದ ಸೀರಿಯಲ್ ಪೋರ್ಟ್ ಲೈಬ್ರರಿಯ ಒಳಭಾಗ ಮೊದಲ ದಿನವೇ ಕಾಣುತ್ತದೆ, ಭಾಷೆಯದೇ ಆದ ಲೈಬ್ರರಿಯ ಒಳಭಾಗ ಕೇಳಿ ಪಡೆಯಬೇಕು. ಇದು ತಿರುವುಮುರುವು. ರಸ್ಟ್-ಎಸ್‌ಆರ್‌ಸಿ ಮಾಮೂಲಿ ಆಯ್ಕೆಯಲ್ಲಿಯೇ ಬರಬೇಕು. ಕಟ್ಟುನಿಟ್ಟಾಗಿ ಕಡಿಮೆ ಜಾಗ ಬೇಕೆನ್ನುವವರಿಗೆ ಮಿನಿಮಲ್ ಎಂಬ ಬೇರೆ ಆಯ್ಕೆ ಇದ್ದೇ ಇದೆ.

ಸೋರ್ಸ್ ಬಂದ ಮೇಲಿನ ಸುಖವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ನಾನು ಈ ಉಪಕರಣವನ್ನು ಮೆಚ್ಚಿದ್ದು ಅದಕ್ಕಾಗಿ.

ನಮ್ಮ ಸೆನ್ಸರುಗಳು ಮಾಡ್‌ಬಸ್ ವಿಧಾನದಲ್ಲಿ ಮಾತನಾಡುತ್ತವೆ. ಒಂದು ರಿಜಿಸ್ಟರ್ ಕೇಳಿದರೆ ಬರುವ ಉತ್ತರ 7 ಬೈಟ್: ವಿಳಾಸ, ಫಂಕ್ಷನ್ ಸಂಕೇತ, ಎಷ್ಟು ಬೈಟ್ ಮಾಹಿತಿ ಎಂಬ ಎಣಿಕೆ, ಮಾಹಿತಿಯ ಎರಡು ಬೈಟ್, ಕೊನೆಗೆ ತಪ್ಪು ಪರೀಕ್ಷಿಸುವ ಎರಡು ಬೈಟ್. ಏಳು ಬೈಟ್ ಬೇಕೆಂದು ಗೊತ್ತಿರುವಾಗ ಯಾರಾದರೂ ರೀಡ್-ಎಕ್ಸಾಕ್ಟ್ ಎಂಬ ಮೆಥಡ್ಡನ್ನೇ ಕರೆಯುತ್ತಾರೆ. ಕೇಳಿದಷ್ಟನ್ನು ಪೂರ್ತಿ ತುಂಬಿಕೊಡುವುದು ಅದರ ಕೆಲಸ. ಒಂದು ಕೋಣೆಯಲ್ಲಿ ಮಾತ್ರ ಕಂಪ್ರೆಸರ್ ಶುರುವಾದಾಗಲೆಲ್ಲ ಓದು ತಪ್ಪುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಅದರ ಮುಂದಿನ ಓದೂ ತಪ್ಪುತ್ತಿತ್ತು. ತಂತಿಯಲ್ಲಿ ಗದ್ದಲ ಬಂದು ಒಂದು ಉತ್ತರ ಕೆಡಬಹುದು, ಸರಿ. ಗದ್ದಲ ನಿಂತ ಮೇಲೂ ಎರಡನೆಯದು ಏಕೆ ಕೆಡಬೇಕು?

ರೀಡ್-ಎಕ್ಸಾಕ್ಟ್ ಮೇಲೆ ಕರ್ಸರ್ ಇಟ್ಟು ಎಫ್12. ರಸ್ಟ್-ಅನಲೈಜರ್ ನೇರವಾಗಿ ಸ್ಟ್ಯಾಂಡರ್ಡ್ ಲೈಬ್ರರಿಯ ಐಒ ವಿಭಾಗಕ್ಕೆ ಒಯ್ದು, ರೀಡ್ ಎಂಬ ಟ್ರೇಟ್‌ನೊಳಗೆ, ಅಂದರೆ ಹಲವು ಟೈಪುಗಳು ಅಳವಡಿಸಿಕೊಳ್ಳುವ ಮೆಥಡ್‌ಗಳ ಗುಂಪಿನೊಳಗೆ, ನಿಲ್ಲಿಸಿತು. ಅಲ್ಲಿಂದ ಇನ್ನೊಮ್ಮೆ ಎಫ್12 ಒತ್ತಿದರೆ ನಿಜವಾದ ಕೆಲಸ ನಡೆಯುವ ಫಂಕ್ಷನ್. ಹತ್ತಾರು ಸಾಲಿನ ಕೋಡು. ಬಫರ್‌ನಲ್ಲಿ, ಅಂದರೆ ಬೈಟ್ ತುಂಬುವ ಜಾಗದಲ್ಲಿ, ತುಂಬಬೇಕಾದ ಭಾಗ ಮುಗಿಯುವ ತನಕ ಒಂದು ವೈಲ್ ಲೂಪ್. ಸೊನ್ನೆ ಬೈಟ್ ಬಂದರೆ ಲೂಪಿನಿಂದ ಹೊರಗೆ. ಇಷ್ಟು ಬೈಟ್ ಬಂತೆಂದರೆ ಬಫರಿನ ಮುಂದಿನ ಭಾಗಕ್ಕೆ ಸರಿಯುವುದು. 'ಇಂಟರಪ್ಟೆಡ್' ಎಂಬ ತಪ್ಪು ಬಂದರೆ ಏನೂ ಆಗದವರಂತೆ ಮತ್ತೆ ಪ್ರಯತ್ನಿಸುವುದು. ಬೇರಾವ ತಪ್ಪು ಬಂದರೂ ಆ ಕ್ಷಣವೇ ಅದನ್ನು ಹಿಂದಿರುಗಿಸಿ ಹೊರಡುವುದು.

ಲೂಪಿನ ಆ ಕೊನೆಯ ಸಾಲಿನಲ್ಲಿ ನಮ್ಮ ಉತ್ತರವಿತ್ತು. ನಾಲ್ಕು ಬೈಟ್ ಬಂದ ಮೇಲೆ ಗಡುವು ಮೀರಿತು ಎನ್ನಿ. ಫಂಕ್ಷನ್ 'ಟೈಮ್ಡ್ ಔಟ್' ಎಂಬ ತಪ್ಪನ್ನು ಹಿಂದಿರುಗಿಸುತ್ತದೆ. ಆದರೆ ನಾಲ್ಕು ಬೈಟ್ ಓದಿಯಾಗಿದೆ ಎಂಬ ಸಂಗತಿ ನಮ್ಮ ತನಕ ಬರುವುದಿಲ್ಲ, ಅದನ್ನು ತಿಳಿಸುವ ಜಾಗವೇ ಆ ಉತ್ತರದಲ್ಲಿಲ್ಲ. ತಡವಾಗಿ ಬಂದ ಉಳಿದ ಮೂರು ಬೈಟ್ ಮುಂದಿನ ಉತ್ತರದ ತಲೆಗೆ ಸೇರಿಕೊಳ್ಳುತ್ತವೆ. ಅಧಿಕೃತ ದಾಖಲೆಯಲ್ಲಿಯೂ ಇದನ್ನು ಬರೆದಿದ್ದಾರೆ, ತಪ್ಪಾದಾಗ ಎಷ್ಟು ಬೈಟ್ ಓದಲಾಗಿದೆಯೆಂಬುದು ಅನಿರ್ದಿಷ್ಟ ಎಂದು. ಆ ಒಂದು ವಾಕ್ಯದ ತೂಕ ಲೂಪನ್ನು ಕಣ್ಣಾರೆ ನೋಡಿದ ಮೇಲೆಯೇ ತಿಳಿಯುವುದು. ರೀಡ್-ಎಕ್ಸಾಕ್ಟ್ ತೆಗೆದು, ರೀಡ್ ಕರೆದು ಬೈಟ್‌ಗಳ ಎಣಿಕೆಯನ್ನು ನಾವೇ ಇಟ್ಟುಕೊಂಡೆವು. ಗಡುವು ಮೀರಿದರೆ ಉಳಿದದ್ದನ್ನು ಖಾಲಿ ಮಾಡಿಯೇ ಮುಂದಿನ ಪ್ರಶ್ನೆ ಕಳಿಸುತ್ತೇವೆ. ಅಲ್ಲಿಗೆ ಎರಡನೆಯ ಓದು ಕೆಡುವುದು ನಿಂತಿತು.

ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಆ ಹುಡುಗ ಹೇಳಿದ್ದು ನನಗೆ ಬಹಳ ಹಿಡಿಸಿತು: 'ಅಕ್ಕಾ, ಇದು ನಾನೂ ಓದುವಂಥದೇ ಇದೆಯಲ್ಲ.' ಹೌದು, ಇದೆ. ಸ್ಟ್ಯಾಂಡರ್ಡ್ ಲೈಬ್ರರಿ ಎಂದರೆ ನಮ್ಮಂಥವರ ಕೈಗೆ ನಿಲುಕದ ದೇವಭಾಷೆಯೆಂಬ ಭಯ ನಮ್ಮ ಭಾಗದ ಹುಡುಗರಲ್ಲಿ ಆಳವಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಉದ್ದುದ್ದ ಇಂಗ್ಲಿಷ್ ವಿವರಣೆಗಿಂತ ಹತ್ತು ಸಾಲಿನ ಲೂಪ್ ಹೆಚ್ಚು ಬೇಗ ಅರ್ಥವಾಗುತ್ತದೆ. ತಾಳೆಗರಿಗಳನ್ನು ಹುಡುಕಿ ತಂದು ವಚನಗಳನ್ನು ಮೂಲದಲ್ಲಿಯೇ ಜನರ ಕೈಗಿಟ್ಟ ಫ.ಗು. ಹಳಕಟ್ಟಿಯವರು ಬಾಳಿದ ಊರು ನಮ್ಮದು. ಮೂಲವನ್ನೇ ಓದಬೇಕೆಂಬ ನನ್ನ ಹಟಕ್ಕೆ ಬೇರೆ ಸಮರ್ಥನೆ ಬೇಕಾಗಿಲ್ಲ.

ಇನ್ನೊಂದು ಲಾಭ ಹಳ್ಳಿಯ ಕಡೆ ಕೆಲಸ ಮಾಡುವವರಿಗೇ ಗೊತ್ತಾಗುವಂಥದು. ಕೋಲ್ಡ್ ಸ್ಟೋರೇಜಿನ ದಪ್ಪ ಗೋಡೆಗಳ ಒಳಗೆ ಮೊಬೈಲ್ ಸಿಗ್ನಲ್ ಸಾಯುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕುವ ಮಾತೇ ಇಲ್ಲ. ಸೋರ್ಸ್ ಡಿಸ್ಕಿನಲ್ಲಿ ಇರುವುದರಿಂದ ಎಫ್12 ಅಲ್ಲಿಯೂ ಎಂದಿನಂತೆ ನಡೆಯುತ್ತದೆ. ರಸ್ಟಪ್‌ನ ಮಾಮೂಲಿ ಆಯ್ಕೆಯಲ್ಲಿ ದಾಖಲೆಗಳೂ ಡಿಸ್ಕಿಗೆ ಬಂದಿರುತ್ತವೆ. 'ರಸ್ಟಪ್ ಡಾಕ್' ಎಂದರೆ ಬ್ರೌಸರಿನಲ್ಲಿ ತೆರೆಯುತ್ತವೆ.

ಸೋರ್ಸ್, ದಾಖಲೆ ಎರಡನ್ನೂ ಜೊತೆಗಿಟ್ಟುಕೊಂಡೇ ಓದಬೇಕೆಂದು ಒತ್ತಿ ಹೇಳುತ್ತೇನೆ. ವೆಕ್‌ನ ಪುಶ್ ಒಳಗೆ ಇಳಿದು ನೋಡಿದರೆ, ಜಾಗ ಸಾಲದಾದಾಗ ಅದು ಸಾಮರ್ಥ್ಯವನ್ನು ಇಮ್ಮಡಿ ಮಾಡುವುದು ಕಾಣುತ್ತದೆ. ಒಂದೇ ಬೈಟಿನ ವಸ್ತುಗಳಾದರೆ ಮೊದಲ ಬಾರಿಗೆ 8 ವಸ್ತುಗಳ ಜಾಗ, ಅದಕ್ಕಿಂತ ದೊಡ್ಡವಾಗಿ 1024 ಬೈಟ್ ಮೀರದಿದ್ದರೆ 4, ಅದಕ್ಕೂ ದೊಡ್ಡವಾದರೆ 1. ಕಡಿಮೆ ಮೆಮೊರಿಯ ಬೋರ್ಡಿಗೆ ಬರೆಯುವವರಿಗೆ ಇದು ಚಿನ್ನದಂಥ ಮಾಹಿತಿ. ಆದರೆ ಹೀಗೆಯೇ ಬೆಳೆಯುತ್ತದೆಂದು ವೆಕ್ ಯಾವ ಭರವಸೆಯನ್ನೂ ಕೊಟ್ಟಿಲ್ಲವೆಂದು ದಾಖಲೆ ಸ್ಪಷ್ಟವಾಗಿ ಹೇಳುತ್ತದೆ. ಸೋರ್ಸಿನಲ್ಲಿ ಕಂಡದ್ದು ಇಂದಿನ ನಡವಳಿಕೆ, ದಾಖಲೆಯಲ್ಲಿರುವುದು ಮಾತು ಕೊಟ್ಟ ನಡವಳಿಕೆ. ಮೊದಲನೆಯದನ್ನು ನೋಡಿ ಕಾರಣ ಹುಡುಕಬಹುದು, ಎರಡನೆಯದರ ಮೇಲೆ ಮಾತ್ರ ಕಟ್ಟಡ ಕಟ್ಟಬೇಕು. ನಮಗೆಷ್ಟು ಜಾಗ ಬೇಕೆಂದು ಮೊದಲೇ ಗೊತ್ತಿದ್ದರೆ ಅಷ್ಟನ್ನು ಮೊದಲೇ ಕಾದಿರಿಸುವ ವಿತ್-ಕೆಪ್ಯಾಸಿಟಿ ಬಳಸುವುದೇ ಸರಿ.

ಕೊರತೆಗಳೂ ಇವೆ. ಪೂರ್ಣಾಂಕಗಳ ಮೆಥಡ್‌ಗಳ ಮೇಲೆ, ಉದಾಹರಣೆಗೆ ಚೆಕ್ಡ್-ಆ್ಯಡ್ ಮೇಲೆ ಎಫ್12 ಒತ್ತಿದರೆ ಕೋಡನ್ನೇ ಹುಟ್ಟಿಸುವ ಅಚ್ಚಾದ ಒಂದು ದೊಡ್ಡ ಮ್ಯಾಕ್ರೋದ ನಡುವೆ ಇಳಿಯುತ್ತೀರಿ. ಎಲ್ಲ ಅಳತೆಯ ಪೂರ್ಣಾಂಕಗಳಿಗೂ ಒಂದೇ ಅಚ್ಚಿನಿಂದ ಕೋಡ್ ತೆಗೆದಿರುವುದರಿಂದ ಟೈಪ್ ಇರಬೇಕಾದ ಕಡೆಯೆಲ್ಲ ಡಾಲರ್ ಚಿಹ್ನೆಯ ಹೆಸರುಗಳು. ಮೊದಲ ಸಲ ನೋಡುವವರು ಗಾಬರಿಯಾಗುತ್ತಾರೆ. ಫಾರ್ಮ್ಯಾಟ್-ಆರ್ಗ್ಸ್‌ನಂಥ ಕೆಲವು ಮ್ಯಾಕ್ರೋಗಳಿಗಂತೂ ಒಳಗೆ ಏನೂ ಇಲ್ಲ. ಅವು ಕಂಪೈಲರಿನೊಳಗೇ ಇವೆ, ಎಡಿಟರ್ ತೋರಿಸಬಲ್ಲದ್ದು ಹೆಸರನ್ನಷ್ಟೇ. ಟ್ರೇಟ್‌ನ ಮೆಥಡ್ ಮೇಲೆ ನಿಂತಾಗ ಯಾವ ಟೈಪಿನ ಕೋಡು ಓಡುತ್ತದೆಂದು ಸರ್ವರಿಗೆ ಗೊತ್ತಾಗದಿದ್ದರೆ ಅದು ಟ್ರೇಟ್‌ನಲ್ಲಿಯೇ ನಿಲ್ಲಿಸುತ್ತದೆ. ಆಗ ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ಅದನ್ನು ಅಳವಡಿಸಿಕೊಂಡ ಟೈಪುಗಳ ಪಟ್ಟಿ ಸಿಗುತ್ತದೆ.

ಮೆಮೊರಿಯ ಹಸಿವು ಇದರ ದೊಡ್ಡ ದೋಷ. ಸೋರ್ಸನ್ನೆಲ್ಲ ಓದಿ ನೆನಪಿನಲ್ಲಿಟ್ಟುಕೊಳ್ಳುವ ಪ್ರೋಗ್ರಾಂ ಆದ್ದರಿಂದ ದೊಡ್ಡ ಯೋಜನೆಗಳಲ್ಲಿ ಇದರ ಬಳಕೆ ಜಿಬಿಗಳಲ್ಲಿಯೇ ಇರುತ್ತದೆ. ಯೋಜನೆ ತೆರೆದ ಕೂಡಲೇ ಕೆಳಗಿನ ಪಟ್ಟಿಯಲ್ಲಿ ಇಂಡೆಕ್ಸಿಂಗ್ ನಡೆಯುವುದು ಕಾಣುತ್ತದೆ. ಅದು ಮುಗಿಯುವ ತನಕ ಎಫ್12 ಅರೆಬರೆ. ಎಂಟು ಜಿಬಿಯ ಲ್ಯಾಪ್‌ಟಾಪಿನಲ್ಲಿ ಬ್ರೌಸರನ್ನೂ ತೆರೆದಿಟ್ಟು ಕೆಲಸ ಮಾಡುವ ವಿದ್ಯಾರ್ಥಿಗಳು ಹೀಲಿಕ್ಸ್ ಪ್ರಯತ್ನಿಸಲಿ. ಸರ್ವರ್ ತಿನ್ನುವಷ್ಟನ್ನು ತಿಂದೇ ತಿನ್ನುತ್ತದೆ, ಆದರೆ ಎಡಿಟರಿನ ಭಾರವಾದರೂ ಇಳಿಯುತ್ತದೆ. ಅಲ್ಲಿ ಎಫ್12ರ ಬದಲು ಜಿ ಮತ್ತು ಡಿ ಒತ್ತಬೇಕು.

ಬೇರೆ ಭಾಷೆಗಳಲ್ಲಿ ಈ ಪರೀಕ್ಷೆ ಹೇಗೆ? ಮೇಲೆ ಹೇಳಿದ ಆ ಇನ್ನೊಂದು ಗೋ. ಗೋ ಹಾಕಿಕೊಂಡರೆ ಸ್ಟ್ಯಾಂಡರ್ಡ್ ಲೈಬ್ರರಿಯ ಸೋರ್ಸ್ ಜೊತೆಗೇ ಬರುತ್ತದೆ. ಗೋಪ್ಲ್ಸ್ ಎಂಬ ಸರ್ವರ್ ಮೊದಲ ದಿನದಿಂದಲೇ ಒಳಗೆ ಕರೆದೊಯ್ಯುತ್ತದೆ. ಈ ಒಂದು ವಿಷಯದಲ್ಲಿ ಗೋ ರಸ್ಟ್‌ಗಿಂತ ಮುಂದು. ಪೈಥಾನಿನಲ್ಲಿ ಲೆನ್ ಮೇಲೆ ಒತ್ತಿದರೆ ಟೈಪುಗಳನ್ನು ಮಾತ್ರ ಬರೆದಿರುವ ಸ್ಟಬ್ ಫೈಲ್ ತೆರೆಯುತ್ತದೆ, ಫಂಕ್ಷನ್‌ನ ಒಡಲು ಇರಬೇಕಾದ ಕಡೆ ಮೂರು ಚುಕ್ಕೆ. ನಿಜವಾದ ಕೋಡು ಸಿ ಭಾಷೆಯಲ್ಲಿದೆ, ತೋರಿಸಲು ಪೈಥಾನ್ ಸೋರ್ಸ್ ಇಲ್ಲವೇ ಇಲ್ಲ. ಸಿ ಭಾಷೆಯಲ್ಲಿ ಪ್ರಿಂಟ್‌ಎಫ್ ಒತ್ತಿದರೆ ಹೆಡರ್ ಫೈಲಿನ ಒಂದು ಸಾಲಿಗೆ ಬಂದು ದಾರಿ ಮುಗಿಯುತ್ತದೆ. ಜಾವಾದಲ್ಲಿ ಸೋರ್ಸ್ ಒಂದು ಜಿಪ್ ಫೈಲಿನಲ್ಲಿರುತ್ತದೆ. ಕೆಲವು ಲಿನಕ್ಸ್ ವಿತರಣೆಗಳು ಅದನ್ನು ಬೇರೆ ಪ್ಯಾಕೇಜ್ ಮಾಡಿರುವುದರಿಂದ ಅಲ್ಲಿಯೂ ರಸ್ಟ್‌ನದೇ ಕಥೆ.

ನೆಚ್ಚಿ ಬಳಸುವವರಿಗೆ ಎರಡು ಸೂಚನೆ ಕೊಡುತ್ತೇನೆ. ನಮ್ಮಂತೆ ಬೇರೆ ಬೋರ್ಡಿಗಾಗಿ ಬರೆಯುವವರು ರಸ್ಟ್-ಅನಲೈಜರ್‌ನ ಸೆಟ್ಟಿಂಗ್‌ನಲ್ಲಿ ಕಾರ್ಗೋ ವಿಭಾಗದ ಟಾರ್ಗೆಟ್ ತುಂಬಲೇಬೇಕು. ಸ್ಟ್ಯಾಂಡರ್ಡ್ ಲೈಬ್ರರಿಯ ಒಳಗೆ ವಿಂಡೋಸ್‌ಗೆ ಒಂದು ಕೋಡು, ಲಿನಕ್ಸ್‌ಗೆ ಇನ್ನೊಂದು ಕೋಡು ಇರುತ್ತದೆ. ಟಾರ್ಗೆಟ್ ಹೇಳದಿದ್ದರೆ ಎಡಿಟರ್ ನಿಮ್ಮ ಲ್ಯಾಪ್‌ಟಾಪಿಗೆ ಸಲ್ಲುವುದನ್ನು ತೋರಿಸುತ್ತದೆ, ಬೋರ್ಡಿನಲ್ಲಿ ಓಡುವುದನ್ನಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕುಳಿತು ಲಿನಕ್ಸ್ ಬೋರ್ಡಿಗೆ ಬರೆಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಎರಡನೆಯದು, ಎಫ್12ರಿಂದ ತೆರೆದ ಲೈಬ್ರರಿ ಫೈಲು ಬರೆಯಲು ಬರುವ ಫೈಲೇ. ಕೈ ತಪ್ಪಿ ಒಂದು ಅಕ್ಷರ ಬಿದ್ದು ಸೇವ್ ಆದರೆ, ಕಂಪೈಲ್ ಆದ ಲೈಬ್ರರಿಗೆ ಏನೂ ಆಗುವುದಿಲ್ಲ, ಆದರೆ ಎಡಿಟರ್ ಓದುವ ಪ್ರತಿ ಕೆಡುತ್ತದೆ. ವಿಎಸ್ ಕೋಡ್‌ನ ಸೆಟ್ಟಿಂಗ್‌ಗಳಲ್ಲಿ ಯಾವ ಫೋಲ್ಡರುಗಳನ್ನು ಓದಲು ಮಾತ್ರ ತೆರೆಯಬೇಕೆಂದು ಬರೆಯುವ ಅವಕಾಶವಿದೆ. ನಮ್ಮ ಕಚೇರಿಯ ಎಲ್ಲ ಯಂತ್ರಗಳಲ್ಲಿ ರಸ್ಟಪ್‌ನ ಫೋಲ್ಡರನ್ನೂ ಕಾರ್ಗೋದ ಫೋಲ್ಡರನ್ನೂ ಅಲ್ಲಿ ಸೇರಿಸಿಟ್ಟಿದ್ದೇವೆ. ಹೊಸಬರ ಲ್ಯಾಪ್‌ಟಾಪ್ ಸಿದ್ಧ ಮಾಡುವಾಗ ರಸ್ಟ್-ಎಸ್‌ಆರ್‌ಸಿಯ ಬೆನ್ನಿಗೇ ಮಾಡುವ ಕೆಲಸ ಅದು.